ನಾಯಿಯ ವಿಮೆ: ರೋಗ ಮೊದಲೋ, ಪಾಲಿಸಿ ಮೊದಲೋ?

ಹಸುವಿಗೆ ವಿಮೆ ಮಾಡಿಸುವುದು ನಮ್ಮ ಹಳ್ಳಿಗಳಿಗೆ ಹೊಸ ಸಂಗತಿಯಲ್ಲ. ಬ್ಯಾಂಕಿನ ಸಾಲದಲ್ಲಿ ಹಸು ಕೊಂಡ ರೈತನಿಗೆ ಸಾಲದ ಬೆನ್ನಿಗೇ ವಿಮೆಯೂ ಬರುತ್ತದೆ. ಪಶುವೈದ್ಯರು ಬಂದು ಹಲ್ಲು ನೋಡಿ ವಯಸ್ಸು ಬರೆದುಕೊಂಡು, ಬೆಲೆ ಕಟ್ಟಿ, ಕಿವಿಗೆ ನಂಬರಿನ ಓಲೆ ಹಾಕಿಸುತ್ತಾರೆ. ಹಸು ಸತ್ತರೆ ಆ ಓಲೆಯನ್ನು ಕಂಪನಿಗೆ ಒಪ್ಪಿಸಬೇಕು. ಓಲೆ ಇಲ್ಲವಾದರೆ ಪರಿಹಾರವೂ ಇಲ್ಲ ಎಂಬುದು ಹಾಲಿನ ಡೇರಿಯ ಮುಂದೆ ನಿಂತ ಯಾರನ್ನು ಕೇಳಿದರೂ ಗೊತ್ತು. ಅದೇ ಕಾಗದದಲ್ಲಿ ಇನ್ನೊಂದು ಷರತ್ತೂ ಇರುತ್ತದೆ. ಅದನ್ನು ಓದಿದವರು ಕಡಿಮೆ. ವಿಮೆ ಆರಂಭವಾಗುವ ಮೊದಲೇ, ಅಥವಾ ಆರಂಭವಾದ ಮೊದಲ 15 ದಿನಗಳೊಳಗೆ ತಗುಲಿದ ರೋಗದಿಂದ ಹಸು ಸತ್ತರೆ ಹಣ ಸಿಗುವುದಿಲ್ಲ.

ಹಸುವಿನ ವಿಮೆಯಲ್ಲಿ ಈ ಷರತ್ತು ಅಷ್ಟಾಗಿ ಕಾಡುವುದಿಲ್ಲ. ಏಕೆಂದರೆ ಅಲ್ಲಿ ಮುಖ್ಯವಾಗಿ ಪರಿಹಾರ ಕೊಡುವುದು ಸಾವಿಗೆ. ಸಾವಿಗೆ ಒಂದು ತಾರೀಖು ಇರುತ್ತದೆ, ಅದರ ಬಗ್ಗೆ ವಾದವಿಲ್ಲ. ನಮ್ಮ ದೇಶದ ಸರ್ಕಾರಿ ವಿಮಾ ಕಂಪನಿಗಳು ದಶಕಗಳಿಂದ ಕೊಡುತ್ತ ಬಂದ ನಾಯಿಯ ಪಾಲಿಸಿಯೂ ಹೀಗೆಯೇ ಇತ್ತು: ನಾಯಿ ಸತ್ತರೆ ಅದರ ಬೆಲೆ. 2020ರಿಂದೀಚೆಗೆ ಖಾಸಗಿ ಕಂಪನಿಗಳು ಚಿಕಿತ್ಸೆಯ ಖರ್ಚನ್ನೂ ಕೊಡುವ ಪಾಲಿಸಿಗಳನ್ನು ತಂದವು. ಶಸ್ತ್ರಚಿಕಿತ್ಸೆ, ಆಸ್ಪತ್ರೆಯಲ್ಲಿ ಇರಿಸಿಕೊಂಡ ಖರ್ಚು, ನಾಯಿ ಯಾರನ್ನಾದರೂ ಕಚ್ಚಿದರೆ ಕೊಡಬೇಕಾದ ಪರಿಹಾರ, ಕಳ್ಳತನ ಎಲ್ಲವೂ ಬಂದವು. ಸ್ವೀಡನ್ನಿನಲ್ಲಿ ನಾಯಿಗೆ ಮೊದಲ ಪಾಲಿಸಿ ಬರೆದದ್ದು 1924ರಲ್ಲಿ. ಇಂದು ಅಲ್ಲಿನ ಬಹುಪಾಲು ನಾಯಿಗಳಿಗೆ ವಿಮೆ ಇದೆ. ಅಮೆರಿಕದಲ್ಲಿ 1982ರಲ್ಲಿ ಆರಂಭವಾದಾಗ ಮೊದಲ ಪಾಲಿಸಿ ಸಿಕ್ಕಿದ್ದು ಟೀವಿಯಲ್ಲಿ ಲಾಸಿಯ ಪಾತ್ರ ಮಾಡುತ್ತಿದ್ದ ನಾಯಿಗೆ. ನಮ್ಮಲ್ಲಿ ಈಗಷ್ಟೇ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಜನ ವಿಚಾರಿಸತೊಡಗಿದ್ದಾರೆ.

ವಿಮೆಯು ಸಾವನ್ನು ಬಿಟ್ಟು ರೋಗದ ಕಡೆಗೆ ತಿರುಗಿದ ಕೂಡಲೇ ಹಳೆಯ ಷರತ್ತು ದೊಡ್ಡದಾಯಿತು. ರೋಗಕ್ಕೆ ಸಾವಿನಂತೆ ಒಂದೇ ತಾರೀಖು ಇರುವುದಿಲ್ಲವಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಐದು ವರ್ಷದ ಲ್ಯಾಬ್ರಡಾರ್ ನಾಯಿ. ಜೂನ್ 1ರಂದು ಪಾಲಿಸಿ ಆರಂಭ. ಸೆಪ್ಟೆಂಬರ್ 20ರಂದು ನಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಹಿಂಗಾಲು ಕುಂಟುತ್ತಿದೆ, ಮೆಟ್ಟಿಲು ಹತ್ತಲು ಹಿಂಜರಿಯುತ್ತಿದೆ. ಎಷ್ಟು ದಿನದಿಂದ ಎಂದು ವೈದ್ಯರು ಕೇಳುತ್ತಾರೆ. ‘ಸುಮಾರು ದಿನದಿಂದ ಹೀಗೇ ಇದೆ ಡಾಕ್ಟ್ರೇ, ಒಂದು ಮೂರ್ನಾಲ್ಕು ತಿಂಗಳಾಗಿರಬಹುದು’ ಎಂದು ಮನೆಯವರು ಹೇಳುತ್ತಾರೆ. ವೈದ್ಯರು ಚೀಟಿಯ ಮೇಲೆ ‘ನಾಲ್ಕು ತಿಂಗಳಿಂದ ಕುಂಟು’ ಎಂದು ಬರೆಯುತ್ತಾರೆ. ಎಕ್ಸ್‌ರೇ ತೆಗೆದಾಗ ಸೊಂಟದ ಕೀಲು ಸವೆದಿರುವುದು ಕಾಣುತ್ತದೆ. ಬಿಲ್ಲುಗಳ ಜೊತೆ ಚೀಟಿಯ ನಕಲೂ ವಿಮಾ ಕಂಪನಿಗೆ ಹೋಗುತ್ತದೆ. ಅಲ್ಲಿ ಕುಳಿತವರು ಸೆಪ್ಟೆಂಬರ್ 20ರಿಂದ ನಾಲ್ಕು ತಿಂಗಳು ಹಿಂದಕ್ಕೆ ಎಣಿಸುತ್ತಾರೆ. ಮೇ 20. ಪಾಲಿಸಿಗಿಂತ 12 ದಿನ ಮೊದಲು. ಅರ್ಜಿ ತಿರಸ್ಕೃತ.

ಮನೆಯವರಿಗೆ ಇದು ಮೋಸವೆಂದೇ ಅನ್ನಿಸುತ್ತದೆ. ಜೂನ್ ತಿಂಗಳಲ್ಲಿ ನಾಯಿಗೆ ರೋಗವಿದೆ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ಗೊತ್ತಿಲ್ಲದ್ದನ್ನು ಬಚ್ಚಿಡುವುದು ಹೇಗೆ? ಕಂಪನಿಯ ಮಾತು ಬೇರೆ. ಹೆಸರು ಗೊತ್ತಿರಲಿಲ್ಲ, ಕುಂಟು ಕಾಣುತ್ತಿತ್ತಲ್ಲ? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಗಡಿಯಾರ ನೋಡುತ್ತಿದ್ದಾರೆ, ಅಷ್ಟೆ.

ಈ ಷರತ್ತು ಏಕೆ ಬಂತೆಂಬುದನ್ನು ಮೊದಲು ನೋಡಬೇಕು. ವಿಮೆಯೆಂದರೆ ನೂರು ಮನೆಯವರು ಒಂದು ಹುಂಡಿಗೆ ಸ್ವಲ್ಪ ಸ್ವಲ್ಪ ಹಾಕಿ, ಯಾರಿಗೆ ಕಷ್ಟ ಬರುವುದೋ ತಿಳಿಯದೆ ಕಾಯುವ ವ್ಯವಸ್ಥೆ. ‘ತಿಳಿಯದೆ’ ಎಂಬುದೇ ಅದರ ಜೀವಾಳ. ಬೆಂಕಿ ಹತ್ತಿದ ಬಣವೆಗೆ ವಿಮೆ ಮಾಡಿಸಲು ಬಿಟ್ಟರೆ ಬೆಂಕಿ ಹತ್ತಿದವರಷ್ಟೇ ಹುಂಡಿಯ ಬಳಿ ಬರುತ್ತಾರೆ, ಕಂತು ಏರುತ್ತದೆ, ಏರಿದ ಕಂತು ನೋಡಿ ಉಳಿದವರು ಬಿಟ್ಟುಹೋಗುತ್ತಾರೆ, ಕೊನೆಗೆ ಹುಂಡಿಯೇ ಇರುವುದಿಲ್ಲ. ಆದ್ದರಿಂದ ಮೊದಲೇ ಇದ್ದ ರೋಗವನ್ನು ಹೊರಗಿಡುವುದು ಅನ್ಯಾಯವಲ್ಲ. ಜಗಳವೆಲ್ಲ ‘ಮೊದಲೇ ಇದ್ದ’ ಎಂಬ ಎರಡು ಪದಗಳ ಅರ್ಥದ ಮೇಲೆ.

ಜೀವಶಾಸ್ತ್ರದ ಕಡೆಯಿಂದ ನೋಡಿದರೆ ಬಹುತೇಕ ರೋಗಗಳಿಗೆ ಮೂರು ತಾರೀಖುಗಳಿರುತ್ತವೆ: ದೇಹದೊಳಗೆ ಅದು ಆರಂಭವಾದ ದಿನ, ಅದರ ಲಕ್ಷಣ ಕಣ್ಣಿಗೆ ಬಿದ್ದ ದಿನ, ವೈದ್ಯರು ಅದಕ್ಕೆ ಹೆಸರಿಟ್ಟ ದಿನ. ಮೂರೂ ಒಂದೇ ವಾರದಲ್ಲಿ ಬರಬಹುದು, ಅವುಗಳ ನಡುವೆ ವರ್ಷಗಳೇ ಕಳೆಯಬಹುದು.

ಸೊಂಟದ ಕೀಲನ್ನೇ ತೆಗೆದುಕೊಳ್ಳಿ. ತೊಡೆಮೂಳೆಯ ಮೇಲ್ತುದಿ ಗುಂಡಗಿರುತ್ತದೆ. ಅದು ಸೊಂಟದ ಮೂಳೆಯ ಬಟ್ಟಲಿನಲ್ಲಿ ಒರಳಿನೊಳಗೆ ಗುಂಡು ಕೂತಂತೆ ಕೂರಬೇಕು. ಲ್ಯಾಬ್ರಡಾರ್, ರಾಟ್‌ವೀಲರ್, ನಾವು ಅಲ್ಸೇಷಿಯನ್ ಎಂದು ಕರೆಯುವ ಜರ್ಮನ್ ಶೆಫರ್ಡ್ ಮುಂತಾದ ದೊಡ್ಡ ತಳಿಗಳ ಕೆಲವು ಮರಿಗಳಲ್ಲಿ ಈ ಜೋಡಣೆ ಸಡಿಲವಾಗುತ್ತದೆ. ಇದಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎಂದು ಹೆಸರು. ಹುಟ್ಟಿದಾಗ ಕೀಲು ಸರಿಯಾಗಿಯೇ ಕಾಣುತ್ತದೆ. ಸಡಿಲಿಕೆ ಆರಂಭವಾಗುವುದು ಮೊದಲ ಕೆಲವು ತಿಂಗಳುಗಳಲ್ಲಿ. ಒಂದಲ್ಲ, ಹಲವಾರು ಜೀನುಗಳು ಸೇರಿ ಇದನ್ನು ತರುತ್ತವೆ. ಮರಿಗೆ ಅತಿಯಾಗಿ ತಿನ್ನಿಸಿ ಬೇಗ ದಪ್ಪ ಮಾಡುವುದು ಇನ್ನಷ್ಟು ಕೆಡಿಸುತ್ತದೆ. ಕೆಲವು ನಾಯಿಗಳು ಆರು ತಿಂಗಳಿಗೇ ಕುಂಟುತ್ತವೆ. ಇನ್ನು ಕೆಲವು ಐದಾರು ವರ್ಷ ಓಡಿ ಆಡಿ, ಕೀಲು ಸವೆದ ಮೇಲೆ ಕುಂಟುತ್ತವೆ. ಹಾಗಾದರೆ ನಮ್ಮ ಊಹೆಯ ಲ್ಯಾಬ್ರಡಾರ್‌ಗೆ ರೋಗ ಬಂದದ್ದು ಯಾವಾಗ? ಮೊದಲ ತಾರೀಖಿನ ಪ್ರಕಾರ ಅದು ಮರಿಯಾಗಿದ್ದಾಗ. ಎರಡನೆಯದರ ಪ್ರಕಾರ ಮೇ ಅಥವಾ ಜೂನ್. ಮೂರನೆಯದರ ಪ್ರಕಾರ ಸೆಪ್ಟೆಂಬರ್.

ಇನ್ನೊಂದು ಉದಾಹರಣೆ ನಮ್ಮ ನಾಡಿನ ನಾಯಿಗಳಿಗೆ ಇನ್ನೂ ಹತ್ತಿರದ್ದು. ನಾಯಿಯ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡಿರುವ ಕಂದು ಉಣ್ಣೆಯನ್ನು ಯಾರು ನೋಡಿಲ್ಲ? ಕೆಲವು ಕಡೆ ಇದನ್ನೇ ಉಣುಗು ಎನ್ನುತ್ತಾರೆ. ಇದು ರಕ್ತ ಹೀರುವುದಷ್ಟೇ ಅಲ್ಲ, ಎರ್ಲಿಕಿಯಾ ಕೇನಿಸ್ ಎಂಬ ಬ್ಯಾಕ್ಟೀರಿಯಾವನ್ನು ನಾಯಿಯ ರಕ್ತಕ್ಕೆ ಬಿಡುತ್ತದೆ. 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಿದ ರೋಗ ಇದು. ಉಣ್ಣೆ ಕಚ್ಚಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ ಬರುತ್ತದೆ, ನಾಯಿ ಊಟ ಬಿಡುತ್ತದೆ. ಎರಡು ನಾಲ್ಕು ವಾರ ಹೀಗಿದ್ದು, ಔಷಧಿ ಕೊಡದಿದ್ದರೂ ಎಷ್ಟೋ ನಾಯಿಗಳು ಚೇತರಿಸಿಕೊಂಡಂತೆ ಕಾಣುತ್ತವೆ. ಆಮೇಲೆ ಎರಡನೆಯ ಹಂತ. ರೋಗಾಣು ಒಳಗೇ ಅಡಗಿ ಕೂರುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಾಯಿ ಆಡಿಕೊಂಡಿರುತ್ತದೆ. ರಕ್ತ ಪರೀಕ್ಷಿಸಿದರೆ ಮಾತ್ರ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗಿರುವುದು ತಿಳಿಯುತ್ತದೆ. ಕೆಲವು ನಾಯಿಗಳು ಇಲ್ಲಿಂದಲೇ ಗುಣವಾಗಿ ಹೊರಬರುತ್ತವೆ. ಉಳಿದವು ಮೂರನೆಯ ಹಂತಕ್ಕೆ ಜಾರಿ, ಒಂದು ಬೆಳಿಗ್ಗೆ ಮೂಗಿನಲ್ಲಿ ರಕ್ತ ಸುರಿಸಿಕೊಂಡು ನಿಲ್ಲುತ್ತವೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಯ ನೂರಾರು ನಾಯಿಗಳನ್ನು ಈ ರೋಗ ಬಲಿ ತೆಗೆದುಕೊಂಡಿತು. ಎರಡನೆಯ ಹಂತದಲ್ಲಿರುವ ನಾಯಿಗೆ ಒಬ್ಬರು ವಿಮೆ ಮಾಡಿಸಿದರೆಂದುಕೊಳ್ಳಿ. ಅವರ ಪ್ರಕಾರ ನಾಯಿ ಗಟ್ಟಿಮುಟ್ಟು. ಪಾಲಿಸಿಗೆ ಮುಂಚೆ ನಡೆಸಿದ ದೇಹ ತಪಾಸಣೆಯಲ್ಲೂ ಹಾಗೇ ಬಂದಿರುತ್ತದೆ. ಆದರೆ ಎಂಟು ತಿಂಗಳ ಹಿಂದಿನ ಒಂದು ಚೀಟಿಯಲ್ಲಿ ‘ಜ್ವರ, ಉಣ್ಣೆ ಇವೆ’ ಎಂದು ಬರೆದಿದ್ದರೆ?

ಈ ಮೂರು ತಾರೀಖುಗಳಲ್ಲಿ ಪಾಲಿಸಿಗಳು ಸಾಮಾನ್ಯವಾಗಿ ಹಿಡಿಯುವುದು ಎರಡನೆಯದನ್ನು, ಅಂದರೆ ಲಕ್ಷಣ ಕಂಡ ದಿನವನ್ನು. ಕೆಲವು ಪಾಲಿಸಿಗಳ ಮಾತಿನ ಧಾಟಿ ಇನ್ನೂ ಬಿಗಿ. ರೋಗ ‘ತಗುಲಿದ’ ದಿನ ಎಂದು ಮೊದಲನೆಯದನ್ನೇ ಹಿಡಿಯುತ್ತವೆ. ಹುಟ್ಟಿನಿಂದಲೇ ಬಂದ ಮತ್ತು ವಂಶಪಾರಂಪರ್ಯದ ರೋಗಗಳನ್ನು ಬೇರೊಂದು ಸಾಲಿನಲ್ಲಿ ಹೊರಗಿಡುವುದೂ ಉಂಟು. ಆ ಸಾಲು ಇದ್ದರೆ ಲ್ಯಾಬ್ರಡಾರ್‌ನ ಸೊಂಟಕ್ಕೆ ಯಾವ ತಾರೀಖೂ ಉಳಿಯುವುದಿಲ್ಲ. ಆದ್ದರಿಂದ ಎರಡು ಪಾಲಿಸಿಗಳನ್ನು ತೂಗಿ ನೋಡುವಾಗ ಕಂತು ಎಷ್ಟು, ವಿಮಾ ಮೊತ್ತ ಎಷ್ಟು ಎಂಬುದಕ್ಕಿಂತ ಮೊದಲು ಓದಬೇಕಾದ್ದು ಈ ವಾಕ್ಯವನ್ನು. ಜಾಹೀರಾತಿನಲ್ಲಿ ಅದು ಇರುವುದಿಲ್ಲ. ಪಾಲಿಸಿಯ ಪೂರ್ತಿ ಪಠ್ಯದಲ್ಲಿ, ಪದಗಳ ವ್ಯಾಖ್ಯೆ ಕೊಡುವ ಪುಟದಲ್ಲಿ ಮತ್ತು ಯಾವುದಕ್ಕೆ ಪರಿಹಾರವಿಲ್ಲ ಎಂದು ಹೇಳುವ ಪುಟದಲ್ಲಿ ಇರುತ್ತದೆ. ಎರಡನ್ನೂ ಒಟ್ಟಿಗೆ ಓದಬೇಕು.

ಮನುಷ್ಯರ ಆರೋಗ್ಯ ವಿಮೆ ಮಾಡಿಸಿದವರಿಗೆ ಇಲ್ಲೊಂದು ತಪ್ಪು ಕಲ್ಪನೆ ಬರುವುದು ಸಹಜ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದ ಪ್ರಕಾರ, ಮನುಷ್ಯರಿಗೆ ಮೊದಲೇ ಇದ್ದ ರೋಗವನ್ನು ಕಂಪನಿ ಹೆಚ್ಚೆಂದರೆ 36 ತಿಂಗಳು ಮಾತ್ರ ಹೊರಗಿಡಬಹುದು. ಮೊದಲು ಈ ಮಿತಿ 48 ತಿಂಗಳಿತ್ತು. ಅಂದರೆ ಸಕ್ಕರೆ ಕಾಯಿಲೆಯವರೂ ಮೂರು ವರ್ಷ ಬಿಡದೆ ಕಂತು ಕಟ್ಟಿದರೆ ಆಮೇಲೆ ಅದಕ್ಕೂ ಪರಿಹಾರ ಪಡೆಯಬಹುದು. ‘ನಾಯಿಗೂ ಮೂರು ವರ್ಷ ಕಾದರೆ ಸಾಕಲ್ಲ’ ಎಂದು ಏಜೆಂಟರೇ ಹೇಳಿದರೂ ನಂಬಬಾರದು. ಆ ನಿಯಮ ಮನುಷ್ಯರ ಆರೋಗ್ಯ ವಿಮೆಯದು. ನಾಯಿಯ ಪಾಲಿಸಿಯಲ್ಲಿ ಹೊರಗಿಟ್ಟ ರೋಗ, ಒಳಗೆ ತರುವ ಮಾತು ಕಾಗದದಲ್ಲೇ ಇಲ್ಲದಿದ್ದರೆ, ನಾಯಿ ಬದುಕಿರುವವರೆಗೂ ಹೊರಗೇ. ಹೊರದೇಶಗಳ ಕೆಲವು ಕಂಪನಿಗಳು ಗುಣವಾಗುವ ರೋಗಗಳ ಮಟ್ಟಿಗೆ ಸಡಿಲ ಬಿಡುತ್ತವೆ: ಕಿವಿ ಸೋರುವುದು, ಭೇದಿಯಂಥವು ಆರು ತಿಂಗಳು ಅಥವಾ ಒಂದು ವರ್ಷ ಮರುಕಳಿಸದಿದ್ದರೆ ಹಳೆಯದೆಂದು ಎಣಿಸುವುದಿಲ್ಲ. ನಮ್ಮಲ್ಲಿ ಪಾಲಿಸಿ ಕೊಳ್ಳುವವರೂ ಇಂಥ ಸಾಲು ಇದೆಯೇ ಎಂದು ಹುಡುಕಬೇಕು, ಇಲ್ಲದಿದ್ದರೆ ಕೇಳಬೇಕು.

ಇನ್ನು ನವೀಕರಣದ ವಿಷಯ. ಇದು ಷರತ್ತಿನ ಅತ್ಯಂತ ಮೊನಚಾದ ತುದಿ, ಕೊಳ್ಳುವಾಗ ಯಾರ ಕಣ್ಣಿಗೂ ಬೀಳದ್ದು. ನಾಯಿಗೆ ಮಧುಮೇಹ ಬಂತೆನ್ನಿ. ಬದುಕಿರುವಷ್ಟು ದಿನ ಇನ್ಸುಲಿನ್ ಚುಚ್ಚಬೇಕು, ಸಾಮಾನ್ಯವಾಗಿ ದಿನಕ್ಕೆರಡು ಬಾರಿ. ಮೊದಲ ವರ್ಷದ ಖರ್ಚು ಪಾಲಿಸಿಯಿಂದ ಬರುತ್ತದೆ. ವರ್ಷ ಮುಗಿದು ಪಾಲಿಸಿ ನವೀಕರಿಸಿದಾಗ ಅದನ್ನು ಹೊಸ ಕರಾರು ಎಂದು ಎಣಿಸಿದರೆ, ಕಳೆದ ವರ್ಷದ ಮಧುಮೇಹ ಈ ವರ್ಷಕ್ಕೆ ‘ಮೊದಲೇ ಇದ್ದ ರೋಗ’! ಬ್ರಿಟನ್ನಿನಲ್ಲಿ ಈ ಗೊಂದಲ ತಪ್ಪಿಸಲು ಪಾಲಿಸಿಗಳನ್ನು ಜಾತಿವಾರು ಬೇರ್ಪಡಿಸಿ ಮಾರುತ್ತಾರೆ. ಒಂದರಲ್ಲಿ ಪ್ರತಿ ರೋಗಕ್ಕೂ 12 ತಿಂಗಳು ಮಾತ್ರ ಹಣ. ಇನ್ನೊಂದು ಜೀವಮಾನದ ಪಾಲಿಸಿ, ಅದರಲ್ಲಿ ಬಿಡದೆ ನವೀಕರಿಸುತ್ತಿದ್ದರೆ ಅದೇ ರೋಗಕ್ಕೆ ಪ್ರತಿವರ್ಷವೂ ಹಣ. ಎರಡನೆಯದರ ಕಂತು ಹೆಚ್ಚು. ಅಮೆರಿಕದ ರಾಜ್ಯಗಳ ವಿಮಾ ಆಯುಕ್ತರ ಒಕ್ಕೂಟ 2022ರಲ್ಲಿ ಒಂದು ಮಾದರಿ ಕಾನೂನನ್ನೇ ಸಿದ್ಧಪಡಿಸಿತು. ಪಾಲಿಸಿಯಲ್ಲಿ ಒಮ್ಮೆ ಪರಿಹಾರ ಕೊಟ್ಟ ರೋಗವನ್ನು ನವೀಕರಣದ ಸಮಯದಲ್ಲಿ ಹಳೆಯದೆಂದು ತಳ್ಳುವಂತಿಲ್ಲ ಎನ್ನುತ್ತದೆ ಅದು. ರೋಗ ಮೊದಲೇ ಇತ್ತೆಂದು ಸಾಬೀತು ಮಾಡುವ ಹೊಣೆಯನ್ನು ಕಂಪನಿಯ ಹೆಗಲಿಗೇ ಹಾಕುತ್ತದೆ; ರೋಗಗಳಿಗೆ ಕಾಯುವ ಅವಧಿ 30 ದಿನ ಮೀರಬಾರದೆಂದೂ ಹೇಳುತ್ತದೆ. ನಮ್ಮ ದೇಶದಲ್ಲಿ ಸಾಕುಪ್ರಾಣಿಗಳ ವಿಮೆಗೆಂದೇ ಇಂಥ ಪ್ರತ್ಯೇಕ ಕಾನೂನಿಲ್ಲ. ಕರಾರಿನಲ್ಲಿ ಏನು ಬರೆದಿದೆಯೋ ಅದೇ ನಡೆಯುತ್ತದೆ. ಆದ್ದರಿಂದ ‘ಈ ವರ್ಷ ಪರಿಹಾರ ಪಡೆದ ರೋಗಕ್ಕೆ ಮುಂದಿನ ವರ್ಷವೂ ಕೊಡುತ್ತೀರಾ?’ ಎಂಬ ಒಂದು ಪ್ರಶ್ನೆಯನ್ನು ಕಾಗದದಲ್ಲಿ ಕೇಳಿ ಕಾಗದದಲ್ಲೇ ಉತ್ತರ ಪಡೆಯುವುದು ಒಳ್ಳೆಯದು. ಫೋನಿನಲ್ಲಿ ಸಿಕ್ಕ ‘ಹೌದು ಸಾರ್’ ಎಂಬ ಉತ್ತರಕ್ಕೆ ಬೆಲೆಯಿಲ್ಲ.

ಇದೇ ಕಾರಣಕ್ಕೆ, ಪಕ್ಕದ ಕಂಪನಿಯ ಕಂತು ಇನ್ನೂರು ಮುನ್ನೂರು ರೂಪಾಯಿ ಕಡಿಮೆಯೆಂದು ವಯಸ್ಸಾದ ನಾಯಿಯ ಪಾಲಿಸಿಯನ್ನು ಬದಲಾಯಿಸುವುದು ಜಾಣತನವಲ್ಲ. ಹೊಸ ಕಂಪನಿಗೆ ನಾಯಿಯ ಇಡೀ ಚರಿತ್ರೆಯೇ ‘ಮೊದಲಿನದು’. ಕಾಯುವ ಅವಧಿಯೂ ಮತ್ತೆ ಮೊದಲಿಂದ.

ಹಾಗಾದರೆ ಪಾಲಿಸಿ ಯಾವಾಗ ಕೊಳ್ಳಬೇಕು? ಮರಿಯಾಗಿದ್ದಾಗ. ಹೆಚ್ಚಿನ ಕಂಪನಿಗಳು ಎರಡು ಮೂರು ತಿಂಗಳ ಮರಿಯಿಂದಲೇ ತೆಗೆದುಕೊಳ್ಳುತ್ತವೆ. ಚರಿತ್ರೆಯೇ ಇಲ್ಲದ ಮರಿಯ ಮೇಲೆ ಹಳೆಯ ರೋಗದ ಆರೋಪ ಹೊರಿಸುವುದು ಕಷ್ಟ. ಗ್ರೇಟ್ ಡೇನ್‌ನಂಥ ಭಾರಿ ತಳಿಗಳ ಆಯುಸ್ಸು ಕಡಿಮೆಯಾದ್ದರಿಂದ ಅವುಗಳ ಪ್ರವೇಶದ ವಯೋಮಿತಿಯೂ ಬೇಗ ಮುಗಿಯುವುದುಂಟು. ಪಾಲಿಸಿ ಕೊಂಡ ವಾರದಲ್ಲೇ ಪಶುವೈದ್ಯರಿಂದ ಪೂರ್ತಿ ತಪಾಸಣೆ ಮಾಡಿಸಿ, ನಡಿಗೆ ಸರಿಯಿದೆ, ಕಿವಿ, ಚರ್ಮ, ಹೃದಯದ ಬಡಿತ ಸರಿಯಿವೆ ಎಂದು ಒಂದೊಂದಾಗಿ ಬರೆಸಿಕೊಳ್ಳುವುದು ಮೇಲು. ‘ಆರೋಗ್ಯವಾಗಿದೆ’ ಎಂಬ ಒಂದೇ ಪದದ ಸರ್ಟಿಫಿಕೇಟಿಗಿಂತ ಇದಕ್ಕೆ ತೂಕ ಹೆಚ್ಚು. ಉಣ್ಣೆ ಹತ್ತಿದ್ದ ನಾಯಿಗೆ ಒಮ್ಮೆ ರಕ್ತಪರೀಕ್ಷೆ ಆಗಲಿ. ಲಸಿಕೆಯ ಪುಸ್ತಕ ಕಳೆಯಬಾರದು: ಹುಚ್ಚುನಾಯಿ ರೋಗ, ಡಿಸ್ಟೆಂಪರ್, ಪಾರ್ವೊ, ಇಲಿಜ್ವರ, ಇವುಗಳಿಗೆ ಲಸಿಕೆ ಹಾಕಿಸದಿದ್ದರೆ ಆ ರೋಗಗಳಿಗೆ ಪರಿಹಾರವೂ ಇರುವುದಿಲ್ಲ. ಹಸುವಿಗೆ ಕಿವಿಯೋಲೆ ಇದ್ದಂತೆ ನಾಯಿಗೆ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕಿಸಬಹುದು. ಅದರ 15 ಅಂಕಿಗಳ ಸಂಖ್ಯೆ ಪಾಲಿಸಿಯಲ್ಲೂ ಪ್ರತಿ ಚೀಟಿಯಲ್ಲೂ ಇದ್ದರೆ ಇದು ಅದೇ ನಾಯಿಯೇ ಎಂಬ ತಕರಾರು ಏಳುವುದಿಲ್ಲ.

ಅರ್ಜಿಯಲ್ಲಿ ನಿಜವನ್ನೇ ಬರೆಯಬೇಕು. ಇದು ನೀತಿಪಾಠವಲ್ಲ, ಲೆಕ್ಕ. ಕಾಲು ಉಳುಕಿದ್ದನ್ನು ಹೇಳಿದರೆ ಆ ಕಾಲೊಂದೇ ಹೊರಗುಳಿಯಬಹುದು. ಹೇಳದೆ ಸಿಕ್ಕಿಬಿದ್ದರೆ ಪೂರ್ತಿ ಪಾಲಿಸಿಯನ್ನೇ ರದ್ದು ಮಾಡುವ ಹಕ್ಕು ಕಂಪನಿಗೆ ಬರುತ್ತದೆ. ಆಗ ಹಾವು ಕಚ್ಚಿದ್ದಕ್ಕೂ ಹಣವಿಲ್ಲ, ಕಾರು ಗುದ್ದಿದ್ದಕ್ಕೂ ಇಲ್ಲ. ಒಂದು ಕಾಲು ಮಾತ್ರ ಹೊರಗೆಂದು ತಿಳಿಯುವಾಗಲೂ ಎಚ್ಚರ ಬೇಕು. ಮಂಡಿಯೊಳಗಿನ ಕ್ರೂಸಿಯೇಟ್ ಎಂಬ ಅಸ್ಥಿಬಂಧ ಒಂದು ಕಾಲಿನಲ್ಲಿ ಹರಿದ ನಾಯಿಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿನಲ್ಲೂ ಹರಿಯುತ್ತದೆ. ಹೊರದೇಶದ ಎಷ್ಟೋ ಪಾಲಿಸಿಗಳು ಒಂದು ಕಡೆ ಮೊದಲೇ ಹರಿದಿದ್ದರೆ ಎರಡೂ ಕಡೆಯನ್ನು ಹೊರಗಿಡುತ್ತವೆ.

ಆಸ್ಪತ್ರೆಯಲ್ಲಿ ಹೇಳುವ ಮಾತು ಇನ್ನೂ ಮುಖ್ಯ. ನಮ್ಮ ‘ಸುಮಾರು ದಿನದಿಂದ’ ಎಂಬುದು ಅಳತೆಯಲ್ಲ, ಆತಂಕದ ಮಾತು. ಎರಡು ವಾರವನ್ನೂ ಹಾಗೆ ಹೇಳುತ್ತೇವೆ, ಆರು ತಿಂಗಳನ್ನೂ ಹಾಗೆ ಹೇಳುತ್ತೇವೆ. ಪಾಪ, ನಾಯಿ ಬಾಯಿ ಬಿಟ್ಟು ಹೇಳುವುದಿಲ್ಲ. ನೋವನ್ನು ಮರೆಸುವುದು ಪ್ರಾಣಿಗಳ ಸ್ವಭಾವ. ಅದರ ಪರವಾಗಿ ಹೇಳುವವರು ಕಂಡದ್ದನ್ನು ಕಂಡ ದಿನದೊಂದಿಗೆ ಹೇಳಬೇಕು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ‘ಇಂದು ಕುಂಟಿತು’, ‘ಎರಡು ಸಲ ವಾಂತಿ’ ಎಂದು ಗೀಚಿಟ್ಟರೆ ಸಾಕು. ದಿನಾಂಕ ನೆನಪಿಲ್ಲದಿದ್ದರೆ ನೆನಪಿಲ್ಲ ಎನ್ನುವುದೇ ಸರಿ. ಅಂದಾಜಿನ ಅಂಕಿ ಹೇಳಿದರೆ ವೈದ್ಯರ ಕೈಬರಹದಲ್ಲಿ ಅದು ಸತ್ಯಾಂಶವಾಗಿ ಕೂರುತ್ತದೆ. ಕಾಗದ ಕೈಗೆ ಬಂದಾಗ ಅಲ್ಲೇ ನಿಂತು ಓದಿ, ತಪ್ಪಿದ್ದರೆ ಆ ಕ್ಷಣದಲ್ಲೇ ತಿದ್ದಿಸಬೇಕು. ಕ್ಲೇಮು ತಿರಸ್ಕೃತವಾದ ಮೇಲೆ ಹೋಗಿ ‘ಸ್ವಲ್ಪ ತಾರೀಖು ಬದಲಾಯಿಸಿ ಕೊಡಿ ಡಾಕ್ಟ್ರೇ’ ಎಂದು ಗೋಗರೆಯುವುದು ವೈದ್ಯರನ್ನೂ ಇಕ್ಕಟ್ಟಿಗೆ ನೂಕುವ ಕೆಲಸ, ವಂಚನೆ ಕೂಡ.

ಈಗಾಗಲೇ ರೋಗವಿರುವ ನಾಯಿಗೆ ವಿಮೆ ದಂಡವೇ? ಪೂರ್ತಿಯಾಗಿ ಅಲ್ಲ. ಹಳೆಯ ರೋಗ ಹೊರಗುಳಿದರೂ ಅಪಘಾತ, ಹೊಸ ರೋಗ, ನಾಯಿ ಕಚ್ಚಿದಾಗಿನ ಹೊಣೆ ಉಳಿದಿರುತ್ತವೆ. ಅಷ್ಟಕ್ಕಾಗಿ ಕೇಳುವ ಕಂತು ಹೆಚ್ಚೆನಿಸಿದರೆ ಅದೇ ಹಣವನ್ನು ಅಂಚೆ ಕಚೇರಿಯ ಆರ್‌ಡಿ ಖಾತೆಗೆ ತಿಂಗಳು ತಿಂಗಳು ಕಟ್ಟುವುದು ವಾಸಿ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳನ್ನೂ ಮರೆಯಬಾರದು. ಸೊಂಟ ಸಡಿಲವಿರುವ ನಾಯಿಗೆ ಎಲ್ಲಕ್ಕಿಂತ ಅಗ್ಗದ ಔಷಧಿ ತಟ್ಟೆಯಲ್ಲೇ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಾಲು ಭಾಗ ಕಡಿಮೆ ಆಹಾರ ಕೊಟ್ಟು ಅವುಗಳ ಬದುಕಿನುದ್ದಕ್ಕೂ ಗಮನಿಸಿದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಿತವಾಗಿ ಉಂಡ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಅವುಗಳ ಕೀಲುಗಳು ಸವೆದದ್ದೂ ತಡವಾಗಿ.

ಇಷ್ಟೆಲ್ಲ ಆದ ಮೇಲೂ ಕ್ಲೇಮು ತಿರಸ್ಕೃತವಾದರೆ ಸುಮ್ಮನಾಗಬೇಕಿಲ್ಲ. ಯಾವ ಷರತ್ತಿನ ಪ್ರಕಾರ, ಯಾವ ದಾಖಲೆಯ ಆಧಾರದ ಮೇಲೆ ತಿರಸ್ಕರಿಸಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಅದು ‘ಮೂರ್ನಾಲ್ಕು ತಿಂಗಳು’ ಎಂಬ ಅಂದಾಜಿನ ಮೇಲೆ ನಿಂತಿದ್ದರೆ, ಪಾಲಿಸಿಗೆ ಮುಂಚಿನ ತಪಾಸಣೆಯ ವರದಿ, ನಾಯಿ ಸಲೀಸಾಗಿ ಓಡುತ್ತಿರುವ ಮೇ ತಿಂಗಳ ಮೊಬೈಲ್ ವೀಡಿಯೊ ಎಲ್ಲವೂ ಉತ್ತರವಾಗುತ್ತವೆ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ಎರಡು ವರ್ಷದವರೆಗೆ ತೆರೆದಿರುತ್ತದೆ. ಎಲ್ಲಿಗೇ ಹೋದರೂ ಮೂಲ ಕಾಗದಗಳನ್ನು ಕೈಯಲ್ಲಿಟ್ಟುಕೊಂಡು ನಕಲುಗಳನ್ನಷ್ಟೇ ಕೊಡಬೇಕು. ಪಾಲಿಸಿಯ ಪೂರ್ತಿ ಪಠ್ಯ, ಲಸಿಕೆಯ ಪುಸ್ತಕ, ತಿರಸ್ಕಾರದ ಪತ್ರ ಮತ್ತು ಎಲ್ಲ ಚೀಟಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿರಬೇಕು.